ಕುರಿದೊಡ್ಡಿಯ ಲಾಭ ಯಾರದು?

ಇಪ್ಪತ್ತು ವರ್ಷ ‘ಇದು ನನ್ನದು’ ಎಂದು ಜಗಳಾಡಿದ ಮೂವರು, ಒಂದೇ ಮಧ್ಯಾಹ್ನ ‘ಇದು ನನ್ನದಲ್ಲ’ ಎಂದದ್ದನ್ನು ನೀವು ಕೇಳಿದ್ದೀರಾ? ನಾನು ಕೇಳಿದ್ದೇನೆ. ಮೂವರಲ್ಲಿ ಒಬ್ಬ ನಾನೇ, ಉಳಿದಿಬ್ಬರು ನನ್ನ ಅಣ್ಣತಮ್ಮಂದಿರು.

ಜಮಖಂಡಿಯಲ್ಲಿ ನಮ್ಮ ಅಜ್ಜನ ಕುರಿದೊಡ್ಡಿ ಇತ್ತು. ಕುರಿಗಳು ಹೋದವು, ದೊಡ್ಡಿ ಉಳಿಯಿತು. ಮೊಮ್ಮಕ್ಕಳು ಹರಿದು ಹಂಚಿಕೊಳ್ಳಬಾರದೆಂದು ಅಜ್ಜ ಅದನ್ನು ಟ್ರಸ್ಟ್ ಮಾಡಿಟ್ಟಿದ್ದ. ‘ಮನೆತನದಲ್ಲಿ ಯಾರಿಗೆ ಗರಜು ಇದೆಯೋ, ಅಗತ್ಯ ಇದೆಯೋ ಅವರಿಗೆ ಟ್ರಸ್ಟಿ ನೋಡಿ ಕೊಡತಕ್ಕದ್ದು’ ಎಂದಷ್ಟೇ ಪತ್ರದಲ್ಲಿತ್ತು. ಯಾರಿಗೆ ಎಷ್ಟು ಎಂದಿರಲಿಲ್ಲ. ಟ್ರಸ್ಟಿ ನಾನು. (ಓದಿದವನು ಎಂಬ ಕಾರಣಕ್ಕೆ. ಪತ್ರವನ್ನು ಪೂರ್ತಿ ಓದಿದ್ದು ಮಾತ್ರ ಈ ವರ್ಷ.)

ಹಿನ್ನೀರಿಗೆ ಹಳ್ಳಿ ಕಳೆದುಕೊಂಡವರು ಪೇಟೆಯಲ್ಲಿ ಮನೆ ಕಟ್ಟತೊಡಗಿದ ಮೇಲೆ ದೊಡ್ಡಿಗೆ ಬೆಲೆ ಬಂತು. ಮಾರಿದೆವು. ಅದರ ಮೂಲೆಯ ಕೋಣೆಯಲ್ಲಿ ನಮ್ಮ ಚಿಗವ್ವ ಇದ್ದಳು. ತೀರಿಹೋದ ಚಿಕ್ಕಪ್ಪನ ಹೆಂಡತಿ, ಮಕ್ಕಳಿಲ್ಲ. ಕಡೆಯ ಕುರಿ ಇರುವವರೆಗೂ ಹಿಕ್ಕೆ ಬಳಿದವಳು ಅವಳೇ. ಮೂರು ತಿಂಗಳಲ್ಲಿ ಆ ಕೋಣೆ ಬಿಡಬೇಕಿತ್ತು. ಎಲ್ಲಿಗೆ ಹೋಗುತ್ತಾಳೆ ಎಂದು ನಾವು ಯಾರೂ ಕೇಳಲಿಲ್ಲ. ನಾವು ಕೇಳಿದ್ದು ಟ್ಯಾಕ್ಸ್ ಎಷ್ಟು ಎಂದು.

“ಪಾಲು ಇಷ್ಟಿಷ್ಟು ಅಂತ ಬರೆದಿದ್ರ, ಲಾಭದ ಟ್ಯಾಕ್ಸು ಅವರವರ ತಲಿಮ್ಯಾಲ ಬರತಿತ್ರಿ,” ಎಂದರು ಆಡಿಟರ್. “ಬರೆದಿಲ್ಲ. ಹಂಗಾಗಿ ಅದು ಟ್ರಸ್ಟಿ ತಲಿಮ್ಯಾಲ, ಎಲ್ಲಾದಕ್ಕಿಂತ ಜಾಸ್ತಿ ರೇಟಿನಾಗ. ಇಲ್ಲಾ, ಈ ವರ್ಷನ ಯಾರಿಗರೆ ಖರೇನ ಕೊಟ್ಟಬಿಡ್ರಿ. ಆವಾಗ ಅವರ ಆದಾಯ ಅಂತ ತೋರಸಬಹುದು.”

ಬನಹಟ್ಟಿಯಲ್ಲಿ ಮಾಸ್ತರನಾಗಿರುವ ಸಿದ್ರಾಮ ಕೈ ಎತ್ತಿಬಿಟ್ಟ. “ನನ್ನ ಪಗಾರಕ್ಕ ಇದೂ ಕೂಡಿದ್ರ ಮುಗೀತು. ನಂದಲ್ಲಪಾ.”

ಮುಧೋಳದ ಬ್ಯಾಂಕಿನಲ್ಲಿರುವ ಮಾಳಪ್ಪ, “ನಂದಂತೂ ಅಲ್ಲ,” ಎಂದ. ನಾನೂ ಅದನ್ನೇ ಹೇಳಿದೆ.

ಆಮೇಲೆ ಮಾಳಪ್ಪನಿಗೆ ಹೊಳೆಯಿತು. “ಚಿಗವ್ವಗ ಆದಾಯ ಏನೈತಿ? ಆಕಿಗೆ ಕೊಟ್ಟೇವಿ ಅಂತ ತೋರಸೂಣು. ಆಮ್ಯಾಲ ಆಕಿ ನಮಗ ತಿರುಗಿ ಕೊಡತಾಳ.”

“ಆ ಕಡೀ ಮಾತು ನಾ ಕೇಳಿಲ್ರಿ,” ಎಂದು ಆಡಿಟರ್ ಫೈಲು ಮುಚ್ಚಿದರು.

(ನಾನು ಕೇಳಿದ್ದೆ. ಹಣ ಚಿಗವ್ವನಿಗೆ ಕೊಟ್ಟಿದ್ದೇವೆ ಎಂಬ ಕಾಗದ ಬರೆದವನೂ ನಾನೇ.)

ಆ ಕಾಗದ ಹಿಡಿದು ಮೂವರೂ ದೊಡ್ಡಿಗೆ ಹೋದೆವು. ಚಿಗವ್ವ ಎರಡು ಸಲ ಓದಿಸಿಕೊಂಡಳು.

“ಟ್ಯಾಕ್ಸಿನ ಸಾಹೇಬ್ರು ಕೇಳಿದ್ರ ಏನ ಹೇಳಲಿ?”

“ನಂದ ಅನ್ನು,” ಎಂದ ಮಾಳಪ್ಪ.

“ಖರೇನ ನಂದೇನು?”

“ಕಾಗದದಾಗ.”

“ಅಂದ್ರ ಸುಳ್ಳ.”

“ಸುಳ್ಳಲ್ಲ ಬೇ, ಪ್ಲಾನಿಂಗು.”

ಅವಳು ಒಳಗೆ ಹೋಗಿ ನಮ್ಮ ಮನೆದೇವರು ಬೀರಪ್ಪನ ಭಂಡಾರದ ಚೀಲ ತಂದಳು. ಆ ಅರಿಸಿನ ಅಂಗೈಯಲ್ಲಿದ್ದಾಗ ಆಡಿದ ಮಾತನ್ನು ನಮ್ಮ ಮನೆತನದಲ್ಲಿ ಯಾರೂ ತಿರುಗಿಸುವುದಿಲ್ಲ. ಒಬ್ಬೊಬ್ಬರ ಕೈಗೂ ಒಂದು ಚಿಟಿಕೆ ಹಾಕಿದಳು. “ಈಗ ಹೇಳ್ರಿ. ಯಾರದು?”

“ಇನ್‌ಕಮ್ ಟ್ಯಾಕ್ಸಿಗೆ ಭಂಡಾರ ಯಾಕ ಚಿಗವ್ವಾ?” ಎಂದ ಸಿದ್ರಾಮ.

“ನಿಮಗ ನನ್ನ ಸಹಿ ಬೇಕಲ್ಲಲೇ. ನನಗ ನಿಮ್ಮ ಮಾತು ಬೇಕು.”

ಮಾಳಪ್ಪ ತನ್ನ ಚಿಟಿಕೆಯನ್ನು ಮೆಲ್ಲಗೆ ಚೀಲಕ್ಕೆ ವಾಪಸು ಹಾಕಿದ. ಸಿದ್ರಾಮನಿಗೆ ಬನಹಟ್ಟಿ ಬಸ್ಸು ನೆನಪಾಯಿತು. ಚಿಗವ್ವ ನನ್ನತ್ತ ತಿರುಗಿದಳು. ‘ಯಾರಿಗೆ ಗರಜು ಇದೆಯೋ’ ಎಂದು ಅಜ್ಜ ಬರೆದದ್ದು ಆಗ ನೆನಪಾಯಿತು. ಚಿಟಿಕೆಯನ್ನು ಅಂಗೈಯಲ್ಲೇ ಇಟ್ಟುಕೊಂಡೆ.

“ನಿಂದ, ಚಿಗವ್ವಾ,” ಎಂದೆ.

ಅವಳು ಸಹಿ ಹಾಕಿದಳು. ಹಣ ಅವಳ ಖಾತೆಗೆ ಹೋಯಿತು, ತಿರುಗಿ ಬರಲಿಲ್ಲ.

ಈಗ ಚಿಮ್ಮಡದಲ್ಲಿ ಅವಳಿಗೆ ಎರಡು ಕೋಣೆಯ ಮನೆ ಇದೆ. ತನ್ನ ಟ್ಯಾಕ್ಸ್ ತಾನೇ ಕಟ್ಟಿದ್ದಾಳೆ. ಕಟ್ಟಿದ ಚಲನ್ ಅನ್ನು ದೇವರ ಜಗುಲಿಯ ಮೇಲಿಟ್ಟಿದ್ದಾಳೆ. ಸಿದ್ರಾಮ, ಮಾಳಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಆ ಜಾಸ್ತಿ ರೇಟನ್ನೇ ಕಟ್ಟಿದ್ದರೆ ಚೆನ್ನಾಗಿತ್ತು ಎಂದು ಕಂಡವರಿಗೆಲ್ಲ ಹೇಳಿಕೊಂಡು ಕೊರಗುತ್ತಾರಂತೆ.

ತಮ್ಮದಲ್ಲ ಎಂದು ತಾವೇ ಹೇಳಿದ ಹಣಕ್ಕೆ ಇಷ್ಟು ಕೊರಗುವವರ ಮೇಲೆ ಸರಕಾರ ಯಾವ ರೇಟಿನಲ್ಲಿ ತೆರಿಗೆ ಹಾಕಬೇಕು?