ಫ್ರಾನ್ಸಿನಲ್ಲಿ ‘ಹೋಗಿ ಬರ್ತೇವಿ’ ಎಂದದ್ದಕ್ಕೆ

ನ್ಯೂಹೇವನ್ ಬಂದರಿನಿಂದ ಹೊರಟ ಹಡಗು ನಾಲ್ಕು ಗಂಟೆಯಲ್ಲಿ ನಮ್ಮಿಬ್ಬರನ್ನೂ ನಮ್ಮ ಸೈಕಲ್‌ಗಳನ್ನೂ ಫ್ರಾನ್ಸಿನ ದಿಯೆಪ್‌ಗೆ ಮುಟ್ಟಿಸಿತು. ಮೇ ತಿಂಗಳ ಬಿಸಿಲಿತ್ತು, ಆದರೆ ಸ್ವೆಟರ್ ತೆಗೆಯುವಷ್ಟಿರಲಿಲ್ಲ. ಲಂಡನ್ನಿನ ಹೇಸ್‌ನಲ್ಲಿರುವ ಮನೆಯಿಂದ ಹೊರಟಾಗಿನಿಂದ ನಮ್ಮ ಯಜಮಾನರು ಮಾತ್ರೆಯ ಡಬ್ಬಿಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಲೇ ಇದ್ದರು.

ಯಜಮಾನರೆಂದರೆ ಡಾಕ್ಟರ್ ಶ್ರೀಪಾದ, ಧಾರವಾಡದವರು. ಲಂಡನ್ನಿನ ಸರ್ಕಾರಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಗಳಿಗೆ ಅರಿವಳಿಕೆ ಕೊಡುವ ಕೆಲಸದಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವರು. ಹಿಂದಿನ ಚಳಿಗಾಲದಲ್ಲಿ ಅವರಿಗೇ ಹೃದಯಾಘಾತವಾಯಿತು. ಹೃದಯವನ್ನೇನೋ ರಿಪೇರಿ ಮಾಡಿ ಕಳಿಸಿದರು, ಮನಸ್ಸು ಮಾತ್ರ ಬರುವ ಭಾನುವಾರದಿಂದಾಚೆ ಹೋಗಲು ಒಪ್ಪಲಿಲ್ಲ. ಹೊಸ ಬೂಟು ತೆಗೆದುಕೊಳ್ಳಿ ಎಂದರೆ, “ಇನ್ನೆಷ್ಟು ದಿನಕ್ಕ?” ಊರಿಗೆ ಹೋಗಲು ಟಿಕೆಟ್ ಮಾಡಿಸೋಣ ಎಂದರೆ, “ಆವಾಗಿಂದು ಆವಾಗ ನೋಡೂಣು.” ಕೇಳಿ ಕೇಳಿ ನನಗೆ ರೋಸಿಹೋಗಿತ್ತು. ಸೈಕಲ್ ಹೊಡೆಯಬಹುದು ಎಂದು ಅವರ ಡಾಕ್ಟರೇ ಹೇಳಿದ್ದರು. ಹೇಸ್‌ನ ಕಾಲುವೆ ದಂಡೆಯ ಮೇಲೆ ಅಭ್ಯಾಸವೂ ಆಗಿತ್ತು. ನಾನೇ ಮುಂದೆ ನಿಂತು ಈ ಪ್ರವಾಸ ಗೊತ್ತುಮಾಡಿದೆ. ಫ್ರಾನ್ಸ್ ನೋಡುವ ಹುಚ್ಚೇನೂ ನನಗಿರಲಿಲ್ಲ. ಮುಂದಿನ ವರ್ಷದ ಬಗ್ಗೆ ಮಾತಾಡುವ ಗಂಡ ನನಗೆ ವಾಪಸ್ ಬೇಕಾಗಿದ್ದ.

ದಿಯೆಪ್ ಊರು ದಾಟಿದ ಮೇಲೆ ಹಳೆಯ ರೈಲುದಾರಿ ಸಿಗುತ್ತದೆ. ಹಳಿ ಕಿತ್ತು ಅದನ್ನು ಸೈಕಲ್ಲಿನವರಿಗೂ ನಡೆಯುವವರಿಗೂ ಬಿಟ್ಟುಕೊಟ್ಟಿದ್ದಾರೆ. ಒಂದೇ ಒಂದು ಕಾರಿಲ್ಲ. ಪಕ್ಕದಲ್ಲೇ ಬೆತ್ಯೂನ್ ಎಂಬ ಸಣ್ಣ ಹೊಳೆ, ಆಚೆಗೆ ಹುಲ್ಲುಗಾವಲು, ಕಂದು ಬಿಳಿ ಮಚ್ಚೆಯ ದನಗಳು. ಹಳೆಯ ಸ್ಟೇಷನ್ನುಗಳಲ್ಲಿ ಈಗ ಜನ ಸಂಸಾರ ಹೂಡಿದ್ದಾರೆ. ಟಿಕೆಟ್ ಕೊಡುತ್ತಿದ್ದ ಕಿಟಕಿಗೆ ಹೂವಿನ ಪರದೆ. ಅಂಥ ಪ್ರತಿ ಸ್ಟೇಷನ್ನಿನಲ್ಲೂ ನಮ್ಮವರು ಇಳಿದು, ಮಣಿಕಟ್ಟಿನ ಮೇಲೆ ಬೆರಳಿಟ್ಟು ನಾಡಿ ನೋಡಿಕೊಂಡರು. ರೈಲು ನಿಲ್ಲದಿದ್ದರೂ ನಾವು ನಿಂತೆವು.

ಸಂಜೆ ಮೆನಿಯೇರ್ ಎಂಬ ಹಳ್ಳಿಯ ಹತ್ತಿರ ಒಂದು ತೋಟದ ಮನೆ ತಲುಪಿದೆವು. ಒಡತಿ ಮದಾಂ ಒಡೆಟ್, ಎಪ್ಪತ್ತರ ಆಸುಪಾಸಿನ ವಿಧವೆ. ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಟ್ಟು ಊಟವನ್ನೂ ಹಾಕುತ್ತಾರೆ. ಯಜಮಾನರು ಒಳಗೆ ಕಾಲಿಟ್ಟ ಕೂಡಲೇ ಒಂದು ರಾತ್ರಿಯ ದುಡ್ಡು ಕೊಟ್ಟುಬಿಟ್ಟರು. ಕಾಯಿಲೆಯಾದ ಮೇಲೆ ಯಾವುದನ್ನೂ ಬಾಕಿ ಇಡುವುದಿಲ್ಲ. ಮಾಂಸ, ಮೀನು, ಮೊಟ್ಟೆ ಯಾವುದೂ ನಾವು ತಿನ್ನುವುದಿಲ್ಲವೆಂದು ತಿಳಿದ ಮದಾಂ ನಮ್ಮನ್ನು ರೋಗಿಗಳ ಹಾಗೆ ನೋಡಿ ಆಲೂಗಡ್ಡೆ ಸೂಪು ಮಾಡಿದರು. ಕೊನೆಗೆ ಆ ಸೀಮೆಯ ಚೀಸ್ ಬಂತು, ಥೇಟ್ ಹೃದಯದ ಆಕಾರದ್ದು.

“ನೋಡಿಲ್ಲೆ, ಡಾಕ್ಟರ್ ತಿನ್ನಬ್ಯಾಡ ಅಂದದ್ದು ಯಾವ ಆಕಾರದಾಗ ಬಂದದ,” ಎಂದರು ನಮ್ಮವರು. ಎಷ್ಟೋ ತಿಂಗಳ ಮೇಲೆ ಅವರ ಬಾಯಿಂದ ಬಂದ ತಮಾಷೆ ಅದು. ಸಂಜೆ ತರಗತಿಯಲ್ಲಿ ಕಲಿತ ಫ್ರೆಂಚಿನಲ್ಲಿ ಅವರು ಮದಾಂ ಜೊತೆ ಮಾತಿಗೂ ಕೂತರು. ಮನೆಯಲ್ಲಿ ಏನು ಉಣ್ಣುತ್ತೀರಿ ಎಂದು ಮದಾಂ ಕೇಳಿದಾಗ, “ಅನ್ನ” ಎಂದರು.

ಬೆಳಿಗ್ಗೆ ಅವರು ಸೈಕಲ್ ತಳ್ಳಿಕೊಂಡು ಆಗಲೇ ಗೇಟು ದಾಟಿದ್ದರು. ನಾನು ಬಾಗಿಲಲ್ಲಿ ಮದಾಂ ಕೈ ಹಿಡಿದು ನಿಂತೆ. ಮನೆಯಿಂದ ಹೊರಡುವಾಗ ‘ಹೋಗ್ತೇನೆ’ ಎನ್ನಲು ನಮ್ಮಲ್ಲಿ ಯಾರಿಗೆ ನಾಲಿಗೆ ಬರುತ್ತದೆ? ಅದರಲ್ಲೂ ಇಂಥ ಗಂಡನನ್ನು ಕಟ್ಟಿಕೊಂಡು ಹೊರಟವಳಿಗೆ? ಗೊತ್ತಿದ್ದ ನಾಲ್ಕು ಫ್ರೆಂಚ್ ಪದ ಜೋಡಿಸಿ, “ನುಜಾಲೋಂ ಎ ನು ರವನೋಂ,” ಎಂದೆ. ಹೋಗಿ ಬರ್ತೇವಿ. ಮದಾಂ ಮುಖ ಅರಳಿತು. ನನ್ನ ಫ್ರೆಂಚ್ ಸುಧಾರಿಸಿತೆಂದು ನಾನೂ ಬೀಗಿದೆ.

ಆ ದಿನದ ದಾರಿ ಏವಿ ಕಾಡಿನದು. ಬೆತ್ಯೂನ್ ಕಣಿವೆಯಿಂದ ಏರಿ, ಕಾಡು ಹಾಯ್ದು, ಆಚೆ ವಾರೆನ್ ಹೊಳೆಯ ಕಣಿವೆಗೆ ಇಳಿಯಬೇಕು. ಸುಮಾರು ಇಪ್ಪತ್ತು ಕಿಲೋಮೀಟರ್. ಏರಿನಲ್ಲಿ ಇಬ್ಬರೂ ಇಳಿದು ತಳ್ಳಿದೆವು. ಮೇಲೆ ಬೀಚ್ ಎಂಬ ಜಾತಿಯ ಮರಗಳು ಕಂಬದಂತೆ ನೆಟ್ಟಗೆ ನಿಂತಿದ್ದವು, ಎಳೆಯ ಎಲೆಗಳಿಂದ ಬಿಸಿಲೇ ಹಸಿರಾಗಿತ್ತು. ನಡುವೆ ಜಲ್ಲಿಕಲ್ಲಿನ ನೇರ ದಾರಿ. ಚಕ್ರದ ಕೆಳಗೆ ಜಲ್ಲಿ ಕರಕರ ಎನ್ನುವುದು ಬಿಟ್ಟರೆ ಬರೀ ಹಕ್ಕಿಯ ಸದ್ದು. ಮರದ ಬುಡಗಳಲ್ಲಿ ನೀಲಿ ಹೂಗಳು ಹಾಸಿಕೊಂಡಿದ್ದವು. ನಾನು ಬಹಳ ಸುಖವಾಗಿದ್ದೆ. ಅದನ್ನು ಹೇಳಿಯೂ ಬಿಟ್ಟೆ.

“ಹೂಂ, ಛಲೋ ಅದ. ನೋಡಿಧಂಗಾತು,” ಎಂದರು ಅವರು. ಇದೇ ಕೊನೆಯ ಸಲ ನೋಡುವವರ ದನಿ. ನನ್ನ ಸುಖದ ಅರ್ಧ ಅಲ್ಲೇ ಇಳಿದುಹೋಯಿತು.

ವಾರೆನ್ ಹೊಳೆಯ ದಂಡೆಯ ಸೇಂ ಸಾಂಸ್ ಊರಿನ ಹೋಟೆಲ್ ಸೇರುವಾಗ ಮಳೆ ಹಿಡಿಯಿತು. ಆಗ ಗೊತ್ತಾಯಿತು, ನಮ್ಮ ಮಳೆಕೋಟುಗಳು ಮದಾಂ ಮನೆಯ ಬಾಗಿಲ ಹಿಂದೆಯೇ ನೇತಾಡುತ್ತಿವೆ. ಇನ್ನೂ ಬೆಳಕಿರುವಾಗಲೇ ಯಜಮಾನರ ಮೊಬೈಲ್ ರಿಂಗಣಿಸಿತು. ಕೋಣೆ ಗೊತ್ತುಮಾಡುವಾಗ ಮದಾಂಗೆ ಕೊಟ್ಟಿದ್ದ ನಂಬರಿಗೆ ಅವರೇ ಫೋನು ಮಾಡಿದ್ದರು. ಕೇಳುತ್ತ ಕೇಳುತ್ತ ನಮ್ಮವರ ಮುಖ ಬಣ್ಣಗೆಟ್ಟಿತು. ಫೋನನ್ನು ಕೈಯಿಂದ ಮುಚ್ಚಿ ನನ್ನತ್ತ ತಿರುಗಿದರು.

“ಮುಂಜಾನೆ ಆಕಿಗೆ ಏನಂತ ಹೇಳಿ ಬಂದಿ ನೀ?”

“ಹೋಗಿ ಬರ್ತೇವಿ ಅಂದೆ. ಯಾಕ್ರೀ?”

“ಬರ್ತಾರಂತ ಅನ್ನ ಮಾಡಿಟ್ಟು ಕಾಯಲಿಕ್ಕತ್ಯಾಳ! ಬ್ಯಾರೆಯವರು ಬಂದ್ರ ಖೋಲಿ ಖಾಲಿ ಇಲ್ಲಂತ ಕಳಿಸ್ಯಾಳ. ಮಳಿಯಾಗ ಬಿದ್ದಾರೇನೋ ಅಂತ ಬಾಜೂ ಮನಿ ಮುದುಕ ಟ್ರ್ಯಾಕ್ಟರ್ ತಗೊಂಡು ಕಾಡಿನ ತನಕ ಹುಡುಕಿ ಬಂದಾನಂತ.”

ನನಗೆ ನೆಲ ಬಿರಿದು ನುಂಗಬಾರದೇ ಎನಿಸಿತು. ಯಜಮಾನರು ತಡವರಿಸುತ್ತ ವಿವರಿಸಿದರು: ನಮ್ಮ ಕಡೆ ಹೊರಡುವವರು ಹೋಗುತ್ತೇವೆ ಎನ್ನುವುದಿಲ್ಲ, ಬರುತ್ತೇವೆ ಎನ್ನುತ್ತಾರೆ. ಆ ಕಡೆಯಿಂದ ನನಗೂ ಕೇಳುವಷ್ಟು ಗಟ್ಟಿಯಾಗಿ ಮದಾಂ ನಕ್ಕರು. ಬದುಕಿದೆಯಾ ಬಡಜೀವವೇ ಎಂದುಕೊಂಡೆ.

ಫೋನಿಟ್ಟ ಮೇಲೆ ನಮ್ಮವರು ಕಿಟಕಿಯ ಹತ್ತಿರ ನಿಂತರು. ನಮ್ಮ ಲೆಕ್ಕದ ಪ್ರಕಾರ ಮರುದಿನ ವಾರೆನ್ ಹೊಳೆಯ ಜಾಡಿನಲ್ಲೇ ಇಳಿಜಾರಿನಲ್ಲಿ ದಿಯೆಪ್‌ಗೆ ಹೋಗಿ ಹಡಗು ಹತ್ತುವುದಿತ್ತು.

“ನಾಳೆ ತಿರುಗಿ ಹೋಗೂಣು,” ಎಂದರು.

“ಏರು ಅದರೀ. ಮಳಿ ಬಂದು ದಾರಿ ಹಸಿಯಾಗಿರ್ತದ.”

“ಅನ್ನ ಮಾಡಿಟ್ಟು ಕಾದಾಳ. ಬರ್ತೇವಿ ಅಂದಮ್ಯಾಲೆ ಹೋಗಬೇಕಲ್ಲ?”

ಹಡಗಿನವರಿಗೆ ಫೋನು ಮಾಡಿ ಟಿಕೆಟನ್ನು ಒಂದು ದಿನ ಮುಂದಕ್ಕೆ ಹಾಕಿಸಿದ್ದೂ ಅವರೇ. ಮರುದಿನ ಕಾಡಿನ ಜಲ್ಲಿ ಒದ್ದೆಯಾಗಿ ಚಕ್ರ ಹಿಡಿದೆಳೆಯುತ್ತಿತ್ತು. ಏರಿನಲ್ಲಿ ನಾನು ಎರಡು ಸಲ ನಿಂತೆ. ಅವರು ಹಲ್ಲು ಕಚ್ಚಿ ಪೆಡಲ್ ತುಳಿಯುತ್ತ ಮೇಲೇರಿ, ಏದುಸಿರು ಬಿಡುತ್ತ ನನಗಾಗಿ ಕಾದರು. ಮುಖ ಕೆಂಪಾಗಿತ್ತು. ನನಗೆ ಜೀವ ಕೈಯಲ್ಲಿ ಹಿಡಿದ ಹಾಗಾಗಿತ್ತು, ಅವರು ಮಾತ್ರ, “ಅನ್ನ ಏನು ಮಾಡಿರಬೇಕು ಆಕಿ? ಚೆಲ್ಲಿರಲಿಕ್ಕಿಲ್ಲಲ್ಲ?” ಎಂದು ಕೇಳುತ್ತಿದ್ದರು.

ಚೆಲ್ಲಿರಲಿಲ್ಲ. ಬಟ್ಟಲು ಬೋರಲು ಹಾಕಿದರೂ ಬೀಳದಷ್ಟು ಮುದ್ದೆಯಾಗಿತ್ತು. ನಮಗಾಗಿಯೇ ಪೇಟೆಯಿಂದ ತಂದ ಅಕ್ಕಿಯದು. ನಾನು ಈರುಳ್ಳಿ ಹೆಚ್ಚಿ, ಬೆಣ್ಣೆಯಲ್ಲಿ ಹುರಿದು, ಅನ್ನ ಉದುರಿಸಿ, ಚೀಲದಲ್ಲಿದ್ದ ಶೇಂಗಾ ಚಟ್ನಿಪುಡಿ ಕಲಸಿದೆ. ಟ್ರ್ಯಾಕ್ಟರಿನ ಮುದುಕನನ್ನೂ ಮದಾಂ ಕರೆಸಿದ್ದರು. ಅವನು ಎರಡನೇ ಸಲ ಹಾಕಿಸಿಕೊಂಡು, ಕಣ್ಣೊರೆಸಿಕೊಂಡು, ಮೂರನೇ ಸಲವೂ ಹಾಕಿಸಿಕೊಂಡ.

ನಾಲ್ಕನೆಯ ದಿನ ಬೆಳಿಗ್ಗೆ, ಮಳೆಕೋಟು ನೆನಪಿಟ್ಟು ತೆಗೆದುಕೊಂಡು ಹೊರಟೆವು. ನಾನು ಬಾಯಿ ಬಿಡದೆ ಬರೀ ಕೈ ಮುಗಿದೆ. ಒಂದು ಕಾಲು ನೆಲಕ್ಕೆ ಕೊಟ್ಟು ಸೈಕಲ್ ಮೇಲೆ ಕೂತಿದ್ದ ಯಜಮಾನರು ತಾವಾಗಿ ಹೇಳಿದರು: “ನು ರವನೋಂ.” ಬರ್ತೇವಿ.

ಮದಾಂ ಸೊಂಟದ ಮೇಲೆ ಕೈಯಿಟ್ಟರು. ಎರಡನೇ ಸಲ ಮೋಸಹೋಗುವ ಹೆಂಗಸಲ್ಲ ಅವರು.

“ಕಾಂ?” ಎಂದರು. ಯಾವಾಗ?

ನಾನು ಏನೋ ಹೇಳಿ ತೇಲಿಸಿಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ನಮ್ಮವರು, ನಿಧಾನವಾಗಿ, ಫ್ರೆಂಚಿನಲ್ಲಿ, “ಮುಂದಿನ ವರ್ಷ. ಮೇ ತಿಂಗಳು,” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಮೂರು ರಾತ್ರಿ ಅನ್ನಲೇನು? ಎರಡು ಸಾಲೂದಿಲ್ಲ,” ಎಂದು ಕೇಳಿದರು.

ಹೊಳೆಯ ಪಕ್ಕದ ದಾರಿ ಹಿಡಿದ ಮೇಲೆ ಅವರು ಮುಂದೆ, ನಾನು ಹಿಂದೆ. “ಮುಂದಿನ ಸಲ ಆ ಮುದುಕಗ ಒಂದು ಡಬ್ಬಿ ಚಟ್ನಿಪುಡಿ ಒಯ್ಯೂಣು. ಕೇಳಿಸ್ತೇನು?” ಎಂದು ಕೂಗಿದರು.

ಕೇಳಿಸಿತ್ತು. ಜೋರಾಗಿ ಪೆಡಲ್ ತುಳಿದು ಅವರ ಪಕ್ಕಕ್ಕೆ ಬಂದೆ. ಆಮೇಲೆ, “ಹೂಂ, ಒಯ್ಯೂಣಂತ,” ಎಂದೆ.