ನಲವತ್ತೆರಡು ಕೆಂಪು ಗುಂಡಿಗಳು

ಕಿರಂಗೂರಿನ ರವೀಂದ್ರನ ಸೈನ್ಯದಲ್ಲಿ ನೂರ ಎಂಬತ್ತು ಗುಂಡಿಗಳಿದ್ದವು. ಅವನು ತೊಟ್ಟ ಷರಟಿನಲ್ಲಿ ಮಾತ್ರ ಯಾವಾಗಲೂ ಎರಡು ಕಡಿಮೆ. ಪಾಂಡವಪುರದ ಸರ್ವೆ ಆಫೀಸಿನಲ್ಲಿ ಅವನು ದಿನಗೂಲಿ ಟ್ರೇಸರು. ಯಾರೋ ಅಳೆದು, ಇನ್ಯಾರೋ ಬರೆದಿಟ್ಟ ನಕ್ಷೆಯ ಮೇಲೆ ಎಣ್ಣೆಕಾಗದ ಹಾಸಿ, ಗೆರೆ ತಪ್ಪದ ಹಾಗೆ ಮತ್ತೊಮ್ಮೆ ಬರೆಯುವುದು ಅವನ ಕೆಲಸ. ಸ್ವಂತ ಬುದ್ಧಿ ಒಂದು ಗೆರೆಯಷ್ಟು ಬಳಸಿದರೂ ಬೈಗುಳ. ದಿನವಿಡೀ ಊರವರ ಹೊಲದ ಬದುಗಳನ್ನು ಎಳೆಯುವವನಿಗೆ ಇಪ್ಪತ್ತಾರನೆಯ ವಯಸ್ಸಿನಲ್ಲಿ ತನಗೂ ಒಂದು ರಾಜ್ಯವಿರಲಿ ಅನ್ನಿಸಿದರೆ ಅದು ತೀರಾ ದುರಾಸೆಯೇನಲ್ಲ.

ರಾಜ್ಯ ಸಿಕ್ಕಿದ್ದು ಶ್ರೀರಂಗಪಟ್ಟಣದ ಮಂಚಯ್ಯನ ಟೈಲರ್ ಅಂಗಡಿಯಲ್ಲಿ. ಕೋಟೆ ನೋಡಲು ಬಂದ ಬಿಳಿಯನೊಬ್ಬ ಹರಿದ ಪ್ಯಾಂಟು ಹೊಲಿಸಿಕೊಂಡು, ಖುಷಿಗೆ ಒಂದು ರಟ್ಟಿನ ಡಬ್ಬ ಕೊಟ್ಟುಹೋಗಿದ್ದ. ಒಳಗೆ ಯಾವುದೋ ಚಳಿದೇಶದ ಹಳೆಯ ಯುದ್ಧದ ನಕ್ಷೆ, ಅದರ ತುಂಬ ಜೇನುಹುಟ್ಟಿನಂಥ ಆರು ಮೂಲೆಯ ಮನೆಗಳು, ಪುಟ್ಟ ಪುಟ್ಟ ರಟ್ಟಿನ ದಂಡು, ಮತ್ತು ಆ ಯುದ್ಧವನ್ನು ಮೇಜಿನ ಮೇಲೆ ಆಟವಾಗಿ ಆಡಲು ಮೂವತ್ತೆರಡು ಪುಟದ ಇಂಗ್ಲಿಷ್ ನಿಯಮಾವಳಿ. ಮಂಚಯ್ಯ ಅದನ್ನು ಕಾಲರಿಗೆ ಕತ್ತರಿಸಲು ಹೊರಟಿದ್ದ. ರವೀಂದ್ರ ಕೈ ಹಿಡಿದು ನಿಲ್ಲಿಸಿದ. ಡಿಕ್ಷನರಿ ಇಟ್ಟುಕೊಂಡು ಎರಡು ತಿಂಗಳು ಓದಿದ. ಮೂರನೆಯ ತಿಂಗಳು ಅವನಿಗೆ ಹೊಳೆಯಿತು: ಮುತ್ತಿಗೆಗೆ ಅಷ್ಟು ದೂರದ ಚಳಿದೇಶ ಯಾಕೆ? ನಮ್ಮೂರಿನ ಕೋಟೆ ಏನು ಪಾಪ ಮಾಡಿದೆ?

ಕರಿಘಟ್ಟ ಬೆಟ್ಟದ ಮೆಟ್ಟಿಲು ಹತ್ತಿ ಕೂತು ದ್ವೀಪವನ್ನೂ ಹೊಳೆಯ ಎರಡು ಕವಲುಗಳನ್ನೂ ಬರೆದುಕೊಂಡ. ಸರ್ವೆ ನಕ್ಷೆಯಿಂದ ಅಳತೆ ತಂದ. ಮಂಚಯ್ಯನ ಕತ್ತರಿ ಟೇಬಲ್ಲಿನಷ್ಟೇ ಅಗಲದ ರಟ್ಟಿನ ಮೇಲೆ ಒಂದು ಸಾವಿರದ ನೂರು ಜೇನುಮನೆ ಎಳೆದ. ಕುಂಪಣಿಯ ಇಂಗ್ಲಿಷರಿಗೆ ಕೆಂಪು ಗುಂಡಿ, ಕೋಟೆಯ ಟಿಪ್ಪು ಕಡೆಯವರಿಗೆ ಹಸಿರು. ಕಾದಾಟದ ತೀರ್ಮಾನಕ್ಕೆ ಅಜ್ಜಿಯ ಚೌಕಾಬಾರದ ನಾಲ್ಕು ಕವಡೆ. ಹದಿನೇಳುನೂರ ತೊಂಬತ್ತೊಂಬತ್ತರ ಮುತ್ತಿಗೆ ಹೀಗೆ ಹತ್ತೊಂಬತ್ತುನೂರ ತೊಂಬತ್ತಮೂರರ ಬೇಸಿಗೆಯಲ್ಲಿ, ಭಾನುವಾರ ಊಟದ ಮೇಲೆ, ಟೈಲರ್ ಅಂಗಡಿಯಲ್ಲಿ ಮತ್ತೆ ಶುರುವಾಯಿತು.

ಮೊದಲ ಆಟಕ್ಕೆ ಅವನೇ ಹೋಗಿ ಮಹದೇವಸ್ವಾಮಿ ಮೇಷ್ಟ್ರನ್ನು ಕರೆದ. ತಾನೇ ಹೋಗಿ ಕರೆದದ್ದು! ಆಮೇಲೆ ಎಷ್ಟೋ ಸಲ ಅದನ್ನು ನೆನೆದು ಅವನು ತನ್ನ ಹಣೆಗೆ ತಾನೇ ಬಡಿದುಕೊಂಡದ್ದುಂಟು. ಮೇಷ್ಟ್ರು ಕೆ.ಆರ್. ಪೇಟೆ, ನಾಗಮಂಗಲ ಎಂದು ಮೂವತ್ತು ವರ್ಷ ಊರೂರು ಸುತ್ತಿ ಚರಿತ್ರೆ ಪಾಠ ಹೇಳಿ ನಿವೃತ್ತರಾದವರು. ಭೇಷ್ ಅಂದಾರು ಎಂಬ ಆಸೆ. ಆಫೀಸಿನ ಗುಮಾಸ್ತ, ಚಿನಕುರಳಿಯ ಕುಳ್ಳಯ್ಯನೂ ನೋಡಲು ಬಂದಿದ್ದ. ಬಾಗಿಲಲ್ಲಿ ಹತ್ತಾರು ಜನ.

ಆಟ ಐದನೆಯ ಸರದಿಗೆ ಬಂದಾಗ ರವೀಂದ್ರ ತಾನೇ ಬರೆದಿಟ್ಟಿದ್ದ ಚೀಟಿಗಳಲ್ಲಿ ಒಂದನ್ನು ಎತ್ತಿ ಗಂಭೀರವಾಗಿ ಓದಿದ: "ನೀರು ಬಿಟ್ಟರು. ಹೊಳೆ ಎದೆಯುದ್ದ ಏರಿತು. ದಾಟುವಂತಿಲ್ಲ."

ಮೇಷ್ಟ್ರು ಕನ್ನಡಕ ತೆಗೆದರು. "ಯಾರು?"

"ಏನ್ ಸಾರ್?"

"ನೀರು ಬುಟ್ಟೋರು ಯಾರ್ಲಾ?"

ರವೀಂದ್ರ ಹುಟ್ಟಿದಾಗಿನಿಂದ ನೋಡಿದ್ದು ಅದೇ. ಬೇಸಿಗೆಯಲ್ಲಿ ಹೊಳೆ ಏರುತ್ತದೆಂದರೆ ಮೇಲೆ ಕಟ್ಟೆಯಲ್ಲಿ ನೀರು ಬಿಟ್ಟಿದ್ದಾರೆ. ಬಟ್ಟೆ ಒಗೆಯುವವರು ಗಂಟು ಎತ್ತಿಕೊಂಡು ದಡಕ್ಕೆ ಓಡುತ್ತಾರೆ. ಹೊಳೆ ಎಂದರೆ ಅದೇ ಅಲ್ಲವೇ?

"ಕನ್ನಂಬಾಡಿ ಕಟ್ಟೆ ಕಟ್ಟಿ ಇನ್ನೂ ನೂರು ವರ್ಸ ಆಗಿಲ್ಲ ಕಣ್ಲಾ," ಎಂದರು ಮೇಷ್ಟ್ರು, ಬಾಗಿಲ ಕಡೆಗೆ ತಿರುಗಿ, ತರಗತಿಗೆ ಹೇಳುವ ದನಿಯಲ್ಲಿ. "ಇವನು ಮುತ್ತಿಗೆ ದಿನವೇ ಗೇಟ್ ಎತ್ತುಸ್ಬುಟ್ಟವ್ನೆ! ಏನಪ್ಪಾ, ಇಂಜಿನಿಯರ್‌ಗೆ ಫೋನ್ ಮಾಡಿದ್ಯಾ?"

ಅಂಗಡಿ ಹಾರಿಹೋಗುವಂಥ ನಗು. ಎಲ್ಲರಿಗಿಂತ ಮೊದಲು ನಕ್ಕವನು ರವೀಂದ್ರನೇ. ಅವಮಾನವಾದಾಗ ತಾನೇ ಮೊದಲು ನಕ್ಕರೆ ಉಳಿದವರ ನಗು ಅರ್ಧವಾಗುತ್ತದೆ ಎಂಬುದು ಅವನ ಹಳೆಯ ಲೆಕ್ಕಾಚಾರ. ಆ ದಿನ ಅರ್ಧವಾಗಲಿಲ್ಲ, ದುಪ್ಪಟ್ಟಾಯಿತು.

ಸೋಮವಾರ ಬೆಳಿಗ್ಗೆಗೆ ಅವನ ಹೆಸರು "ಕಟ್ಟೆ" ಆಗಿತ್ತು. ಕುಳ್ಳಯ್ಯ ಆಫೀಸಿನಲ್ಲಿ "ಲೇ ಕಟ್ಟೆ, ಗೇಟ್ ಎತ್ಲಾ, ಕುಡಿಯಕ್ಕೆ ನೀರಿಲ್ಲ" ಅನ್ನತೊಡಗಿದ. ಬಸ್ಸಿನ ಕಂಡಕ್ಟರು "ಕಟ್ಟೆ, ಇಳ್ಕಳಪ್ಪ" ಅಂದ. ಕೆ.ಆರ್. ಪೇಟೆಗೆ ಹೆಣ್ಣು ನೋಡಲು ಹೋದಾಗ ಹುಡುಗಿಯ ಸೋದರಮಾವ ಉಪ್ಪಿಟ್ಟಿನ ತಟ್ಟೆ ಮುಂದಿಟ್ಟು, "ಟಿಪ್ಪೂಗೆ ಕಟ್ಟೆ ಕಟ್ಟಿಸ್ಕೊಟ್ಟೋರು ನೀವೇಯಾ?" ಎಂದು ಕೇಳಿದ. ಬಾಗಿಲ ಮರೆಯಿಂದ ಕಿಸಕ್ಕನೆ ನಗು ಕೇಳಿಸಿತು. ಆ ಸಂಬಂಧ ಕೂಡಿಬರಲಿಲ್ಲ. ದಿನಗೂಲಿಯವನಿಗೆ ಯಾರು ಹೆಣ್ಣು ಕೊಡುತ್ತಾರೆ ಎಂದಳು ಅವನ ತಾಯಿ. ರವೀಂದ್ರನಿಗೆ ಅದೆಲ್ಲ ಬೇಡ. ಅವನ ಮಟ್ಟಿಗೆ ತಪ್ಪಿತಸ್ಥ ಒಬ್ಬನೇ, ಕನ್ನಡಕ ಹಾಕುತ್ತಿದ್ದ, ಚರಿತ್ರೆ ಓದಿದ್ದ.

ಸೇಡು ಎಂದರೆ ಬೇರೆಯವರಿಗೆ ಮಚ್ಚು, ಕೋರ್ಟು. ಟ್ರೇಸರಿಗೆ ಪೆನ್ಸಿಲ್ಲು ಮತ್ತು ರಬ್ಬರು. ಅವನು ಹಳೆಯ ರಟ್ಟನ್ನು ಹಂಡೆ ಒಲೆಗೆ ಹಾಕಿ ಹೊಸದು ಶುರುಮಾಡಿದ. ಎಂಬತ್ತು ದಾಟಿದ ಅಜ್ಜಿ ಪುಟ್ಟಗೌರಮ್ಮನ ಮುಂದೆ ಕೂತು ಹೊಳೆಯ ವಿಚಾರಣೆ ನಡೆಸಿದ.

"ಕಟ್ಟೆ ಇಲ್ದಾಗ ಹೊಳೆ ಎಂಗಿತ್ತಜ್ಜಿ?"

"ಬ್ಯಾಸ್ಗೇಲಿ ಏನಿತ್ತು ಮಣ್ಣು! ಎಮ್ಮೆ ಮೀಯಕ್ಕೂ ಮಡು ಉಡುಕ್ಬೇಕಿತ್ತು ಅಂತಿದ್ರು ನಮ್ಮತ್ತೆ. ಕೊಡಗಲ್ಲಿ ಮಳೆ ಉಯ್ತು ಅಂದ್ರೆ ಆಗ ಕೆಂಪುನೀರು ಬರಾದು. ಬಂತು ಅಂದ್ರೆ ಈಚೆಯೋರು ಈಚೆಗೆ, ಆಚೆಯೋರು ಆಚೆಗೆ."

ಅಲ್ಲಿಗೆ ನದಿಯ ನಿಯಮ ಸರಿಯಾಯಿತು. ಕೆಂಪುನೀರು ಬರುವುದರೊಳಗೆ ಕುಂಪಣಿ ಕೋಟೆ ಹಿಡಿಯಬೇಕು. ಬಂದರೆ ಕೋಟೆ ಗೆದ್ದಂತೆ. ಆಮೇಲೆ ಸರ್ವೆ ನಕ್ಷೆಯಿಂದ ಒಂದೊಂದನ್ನೇ ಅಳಿಸುತ್ತ ಬಂದ. ರೈಲು ಹಳಿ ಹೋಯಿತು, ಹೆದ್ದಾರಿ ಹೋಯಿತು, ನಾಲೆ ಹೋಯಿತು. ಅವನ ಸ್ವಂತ ಮನೆಯೂ ಹೋಯಿತು.

ಒಂದು ಸಂಜೆ ಮಂಚಯ್ಯನ ಅಂಗಡಿಯಿಂದ ಕಿರಂಗೂರಿಗೆ ಬರುವಾಗ ಹೊಳೆಯ ಹಳೇ ಸೇತುವೆಯ ತುದಿಯಲ್ಲಿ ಸೈಕಲ್ಲು ಪಂಕ್ಚರಾಯಿತು. ಉಸ್ಸೆಂದು ಅಲ್ಲಿದ್ದ ಬರಹದ ಕಲ್ಲಿಗೆ ಒರಗಿ ಕೂತ. ಸಾಲುಗಂಬದ ಆ ಸೇತುವೆಯನ್ನು ಅವನು ಪಟ್ಟಣಕ್ಕೆ ಹೋಗಿಬರುವಾಗಲೆಲ್ಲ ದಾಟುತ್ತಿದ್ದ. ಕೋಟೆಯಷ್ಟೇ ಹಳೆಯದು ಎಂದುಕೊಂಡಿದ್ದ. ಎಲ್ಲರೂ ಹಾಗೆಯೇ ಅಂದುಕೊಂಡಿದ್ದರು. ಕೆಲಸವಿಲ್ಲದೆ ಉಗುರಿನಿಂದ ಪಾಚಿ ಕೆರೆದ. ಇಸವಿ ಕಾಣಿಸಿತು. ಹದಿನೆಂಟುನೂರ ನಾಲ್ಕು. ಮುತ್ತಿಗೆ ಮುಗಿದು ಐದು ವರ್ಷವಾದ ಮೇಲೆ!

ಇದೂ ಇನ್ನೊಂದು ಕಟ್ಟೆಯಾಗುತ್ತಿತ್ತು. ಸೈಕಲ್ಲು ತಳ್ಳಿಕೊಂಡೇ ಮನೆಗೆ ಓಡಿ, ನಕ್ಷೆ ಬಿಚ್ಚಿ, ಸೇತುವೆಯ ಪೆನ್ಸಿಲ್ ಗೆರೆಯ ಮೇಲೆ ರಬ್ಬರಿಟ್ಟ.

ರಬ್ಬರು ಅಲ್ಲೇ ನಿಂತಿತು.

ಮೇಷ್ಟ್ರ ಮನೆಯೂ ಹೊಳೆಯ ದಂಡೆಯಲ್ಲೇ. ನಿವೃತ್ತರಾದ ಮೇಲೆ ದಿನಾ ಬೆಳಿಗ್ಗೆ ಕೊಡೆ ಬೀಸಿಕೊಂಡು ಆ ಸೇತುವೆಯ ಮೇಲೆಯೇ ವಾಯುವಿಹಾರ. ಮೂವತ್ತು ವರ್ಷ ಚರಿತ್ರೆ ಹೇಳಿದವರು ಕಾಲಡಿಯ ಕಲ್ಲನ್ನು ಓದಿರುತ್ತಾರೆಯೇ? ಓದಿದ್ದರೆ ರವೀಂದ್ರ ಸತ್ತ. ಓದಿರದಿದ್ದರೆ... ಅವನು ರಬ್ಬರು ಕೆಳಗಿಟ್ಟು ಪೆನ್ನು ತೆಗೆದುಕೊಂಡ. ಸೇತುವೆಯನ್ನು ಕಪ್ಪು ಮಸಿಯಲ್ಲಿ, ಒಂದೊಂದು ಕಂಬವನ್ನೂ ಬಿಡದೆ, ಪ್ರೀತಿಯಿಂದ ತಿದ್ದಿದ. ಸರ್ಕಾರದ ನಕ್ಷೆಗೆ ಅಷ್ಟು ನಿಷ್ಠೆ ಅವನು ಎಂದೂ ತೋರಿಸಿರಲಿಲ್ಲ.

ತೊಂಬತ್ತೈದರ ಮೇ ತಿಂಗಳಲ್ಲಿ ಮಂಚಯ್ಯನ ಮೂಲಕ ಸವಾಲು ಕಳಿಸಿದ. ತಾನು ಸೋತರೆ ರಟ್ಟು ಮೇಷ್ಟ್ರ ಪಾಲು, ಮತ್ತು ಸಾಯುವ ತನಕ ಕಟ್ಟೆ ಎಂದರೆ ಮುಖ ಗಂಟಿಕ್ಕದೆ ಓಗೊಡುವುದು. ಗೆದ್ದರೆ ಮೇಷ್ಟ್ರು ಪಾಂಡವಪುರದ ಆಫೀಸಿಗೇ ಬಂದು, ಎಲ್ಲರ ಮುಂದೆ ಅವನನ್ನು ಹೆಸರು ಹಿಡಿದು ಕರೆದು, ಸೋತೆ ಅನ್ನಬೇಕು.

"ಆಗ್ಲಿ ಬುಡು, ರಟ್ಟು ನಮ್ಮನೆ ಎಮ್ಮೆ ಕೊಟ್ಟಿಗೆಗೆ ಮರೆ ಆಯ್ತದೆ," ಎಂದರಂತೆ ಮೇಷ್ಟ್ರು.

ಆ ಭಾನುವಾರ ಬಾಗಿಲಲ್ಲಿ ಮುಂಚಿನದೇ ಗುಂಪು. ರವೀಂದ್ರ ನಿಯಮಗಳನ್ನು ಓದಿದ. ಹದಿನೇಳನೆಯದಕ್ಕೆ ಬಂದಾಗ ತಗ್ಗಿದ ದನಿಯಲ್ಲಿ, "ಇದು ನಿಮ್ ದಯೆಯಿಂದ ಬಂದದ್ದು ಸಾರ್," ಅಂದ. "ಮುತ್ತಿಗೆಯ ದಿನ ಇಲ್ಲದೇ ಇದ್ದ ಯಾವುದನ್ನೂ ಯಾರೂ ಬಳಸುವಂತಿಲ್ಲ. ಬಳಸಿದ ದಂಡು ಸತ್ತಂತೆ."

ಮೇಷ್ಟ್ರು ಉಬ್ಬಿಹೋದರು. "ಇನ್ನೊಂದ್ಸಲ ಓದ್ಲಾ, ಎಲ್ರುಗೂ ಕೇಳ್ಲಿ. ಕುಳ್ಳಯ್ಯ, ಕೇಳುಸ್ಕಂಡ್ಯಾ? ದಡ್ಡನ್ಗೂ ಪಾಠ ಅತ್ತದೆ, ಹೇಳೋನು ಹೇಳುದ್ರೆ." ಕೇಳದೆಯೇ ಪೆನ್ನು ತೆಗೆದು ಆ ನಿಯಮದ ಕೆಳಗೆ ರುಜುವನ್ನೂ ಹಾಕಿದರು.

ಕುಂಪಣಿ ಮೇಷ್ಟ್ರದು, ಕೋಟೆ ರವೀಂದ್ರನದು. ಅವನು ತನ್ನ ಫಿರಂಗಿಗಳನ್ನೆಲ್ಲ ಪಡುವಣ ಮೂಲೆಗೆ, ನೀರು ಕಡಿಮೆಯಿದ್ದ ಹೊಳೆಯ ಎದುರಿಗೆ ಜೋಡಿಸಿದ. ಮೇಷ್ಟ್ರು ಅಲ್ಲಿ ಎರಡು ಸಲ ನುಗ್ಗಿದರು. ಕವಡೆ ಬಿದ್ದಂತೆಲ್ಲ ಕೆಂಪು ಗುಂಡಿ ಟೇಬಲ್ಲಿಂದ ಕೆಳಗೆ ಹೋದವು. ಕೆಂಪುನೀರಿಗೆ ಇನ್ನು ನಾಲ್ಕೇ ಸರದಿ. ಬಡಗಣ ದಿಕ್ಕಿನಲ್ಲಿ ಸೇತುವೆಯ ಬಾಯಿಗೆ ರವೀಂದ್ರ ಒಂದು ಹಸಿರು ಗುಂಡಿಯನ್ನೂ ಇಟ್ಟಿರಲಿಲ್ಲ. ಆ ಕಡೆ ನೋಡಲೂ ಇಲ್ಲ.

ಮೇಷ್ಟ್ರು ನೋಡಿದರು.

"ಅಯ್ಯೋ ಕಟ್ಟೆ! ಮುಂಬಾಗ್ಲು ಬೀಗ ಹಾಕಿ ಹಿತ್ಲು ತೆಗೆದು ಬುಟ್ಟವ್ನಲ್ಲಪ್ಪಾ!" ಎಂದು ಹತ್ತು ಕೆಂಪು ಗುಂಡಿಗಳನ್ನು ಸೇತುವೆಗೆ ಹತ್ತಿಸಿದರು.

ರವೀಂದ್ರನ ನಾಲಗೆಯ ತುದಿಗೆ ಮಾತು ಬಂದಿತ್ತು. ನುಂಗಿದ. ಹತ್ತಕ್ಕೆ ತೃಪ್ತಿಯಾಗುವ ಹಸಿವಲ್ಲ ಅದು. ಮುಖದಲ್ಲಿ ಗಾಬರಿ ತಂದುಕೊಂಡು ಎರಡು ಹಸಿರು ಗುಂಡಿಗಳನ್ನು ಆ ಕಡೆಗೆ ಓಡಿಸಿದ, ಬೇಕೆಂದೇ ತಡವಾಗಿ. ಅದನ್ನು ಕಂಡು ಮೇಷ್ಟ್ರು ಇನ್ನೂ ಇಪ್ಪತ್ತು ತಂದರು. ಮುಂದಿನ ಸರದಿಗೆ ಉಳಿದ ಹನ್ನೆರಡು. ಬೇಸಿಗೆಯ ಆ ಮಧ್ಯಾಹ್ನ ನಲವತ್ತೆರಡು ಕೆಂಪು ಗುಂಡಿಗಳು ಕಂಬ ಕಂಬದ ಮೇಲೂ ಸಾಲಾಗಿ ನಿಂತವು.

"ಮುಗೀತು," ಎಂದು ಮೇಷ್ಟ್ರು ಕೈಯೊರೆಸಿಕೊಂಡರು. "ಮಂಚಯ್ಯ, ರಟ್ಟು ಸುತ್ತಿ ಕಟ್ಟು."

ರವೀಂದ್ರ ಆ ಕಲ್ಲು ಓದಿದಂದಿನಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತನ್ನು ಮೆಲ್ಲಗೆ ಹೊರಗಿಟ್ಟ.

"ಮೇಷ್ಟ್ರೇ, ಈ ಸೇತುವೆ ಕಟ್ಟಿಸ್ದೋರು ಯಾರು?"

"ಯಾರು ಅಂದ್ರೆ? ಯಾವಾಗ್ಲಿಂದ್ಲೂ ಅಲ್ಲೇ ಅದೆ!"

"ಅಲ್ಲೇ ಅದೆ ಅಂದ್ರೆ ಎಂಗೆ ಸಾರ್? ಇಸವಿ ಯೋಳಿ."

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸತೊಡಗಿದರು. ಕುಳ್ಳಯ್ಯ ಬಾಗಿಲು ಬಿಟ್ಟು ಒಳಗೆ ಬಂದ. "ನಡೀರಿ, ಕಲ್ಲಲ್ಲೇ ಬರೆದದೆ," ಎಂದು ರವೀಂದ್ರ ಎದ್ದ. ಅಂಗಡಿಗೆ ಅಂಗಡಿಯೇ ಬಿಸಿಲಲ್ಲಿ ಅವನ ಹಿಂದೆ ಹೊರಟಿತು. ಮಂಚಯ್ಯನ ಕೊರಳಲ್ಲಿ ಅಳತೆ ಟೇಪು ಹಾಗೆಯೇ ನೇತಾಡುತ್ತಿತ್ತು. ಸೇತುವೆಯ ತುದಿಯಲ್ಲಿ ರವೀಂದ್ರ ಪಕ್ಕಕ್ಕೆ ಸರಿದು ನಿಂತ, ತಾನು ಓದಲಿಲ್ಲ. ಮೇಷ್ಟ್ರೇ ಕನ್ನಡಕ ಏರಿಸಿ, ಬಗ್ಗಿ, ಹೆಬ್ಬೆರಳಿನಿಂದ ಒಂದೊಂದು ಅಂಕಿಯನ್ನೂ ಸವರಿ ಓದಬೇಕಾಯಿತು. ಕೊನೆಯ ಅಂಕಿಯ ಮೇಲೆ ಹೆಬ್ಬೆರಳು ತುಂಬ ಹೊತ್ತು ನಿಂತಿತು.

"ಅಂಗಾದ್ರೆ ನಲವತ್ತೆರಡು ಜನ ಗಾಳಿ ಮ್ಯಾಲೆ ನಿಂತವ್ರೆ?" ಎಂದ ಕುಳ್ಳಯ್ಯ.

"ಗಾಳಿ ಮೇಲಲ್ಲ, ಹೊಳೇಲಿ," ಅಂದ ರವೀಂದ್ರ. "ರುಜು ಹಾಕವ್ರೆ."

ಆ ನಗು ಕರಿಘಟ್ಟಕ್ಕೆ ಕೇಳಿಸಿರಬೇಕು.

ಬುಧವಾರ ಹನ್ನೊಂದು ಗಂಟೆಗೆ, ಆಫೀಸು ತುಂಬಿದ್ದಾಗ, ಮೇಷ್ಟ್ರು ಬಂದರು. ಇಸ್ತ್ರಿ ಮಾಡಿದ ಪಂಚೆ, ಕಂಕುಳಲ್ಲಿ ಕೊಡೆ. ರವೀಂದ್ರನ ಟೇಬಲ್ಲಿನ ಮುಂದೆ ನಿಂತು, "ರವೀಂದ್ರ ಅವರೇ, ನಾನು ಸೋತೆ," ಎಂದರು.

ಆ ಕ್ಷಣ ಅವನಿಗೆ ಪಶ್ಚಾತ್ತಾಪವಾಯಿತು, ಮುದುಕರನ್ನು ಕಂಡು ಕರುಳು ಚುರ್ರೆಂದಿತು ಎಂದು ಬರೆಯಬಹುದಿತ್ತು. ಆದರೆ ಹಾಗೇನೂ ಆಗಲಿಲ್ಲ. ಅವನು ಎಣ್ಣೆಕಾಗದದಿಂದ ತಲೆಯೆತ್ತದೆ, "ಫ್ಯಾನ್ ಸದ್ದು ಸಾರ್, ಕೇಳಿಸ್ಲಿಲ್ಲ," ಅಂದ. ಮೇಷ್ಟ್ರು ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದರು. ಮೂಲೆಯಿಂದ ಕುಳ್ಳಯ್ಯ, "ಸೇತುವೆ ಮೇಷ್ಟ್ರು ಬಂದವ್ರೆ, ಕುರ್ಚಿ ಕೊಡ್ರಪ್ಪಾ," ಎಂದು ಕೂಗಿದ. ಆ ಹೆಸರು ಅಂಟಿತು. ಅಂಟುತ್ತದೆಂದು ರವೀಂದ್ರನಿಗೆ ಅಲ್ಲಿಯೇ ಗೊತ್ತಾಯಿತು. ಅಂದು ಅವನಿಗಾದ ಸುಖ, ಕೆಲಸ ಖಾಯಂ ಆದಾಗಲೂ ಆಗಲಾರದು.

ಮೇಷ್ಟ್ರು ಕೂರಲಿಲ್ಲ. ಟೇಬಲ್ಲಿನ ಮೇಲೆ ಬಗ್ಗಿ, ಅವನೊಬ್ಬನಿಗೇ ಕೇಳುವಂತೆ ಹೇಳಿದರು: "ಬರೋ ಬ್ಯಾಸ್ಗೆಗೆ ಬತ್ತೀನಿ. ಕೋಟೆ ನಂಗಿರ್ಲಿ. ನಿನ್ ನಕ್ಷೇಲಿ ಇನ್ನೂ ಒಂದದೆ ಕಣ್ಲಾ, ಆಗ ಇಲ್ದೇ ಇದ್ದುದ್ದು. ನಾನು ಕಂಡಿವ್ನಿ. ಹೇಳಕಿಲ್ಲ."

ಕೊಡೆ ಊರಿಕೊಂಡು ಬಸ್‌ ಸ್ಟ್ಯಾಂಡಿನ ಕಡೆಗೆ ನಡೆದರು. ನಡಿಗೆಯಲ್ಲಿ ಸೋತವರ ಲಕ್ಷಣವಿರಲಿಲ್ಲ.

ಆ ಸಂಜೆ ರವೀಂದ್ರ ಕಾಫಿ ಕೂಡ ಕುಡಿಯದೆ ಜಗಲಿಯ ಮೇಲೆ ರಟ್ಟು ಹಾಸಿದ. ಜೇನುಮನೆಗೊಂದು ಬೆರಳಿಡುತ್ತ, ಅಕ್ಕಿ ಆರಿಸುತ್ತಿದ್ದ ಅಜ್ಜಿಯನ್ನು ಕೇಳತೊಡಗಿದ. ಈ ಮಂಟಪ ಆಗ ಇತ್ತಾ? ಈ ಬಾವಿ? ಈ ತೋಪು? ಈ ಓಣಿ?

ಪುಟ್ಟಗೌರಮ್ಮ ಆರನೆಯ ಪ್ರಶ್ನೆಯ ತನಕ ತಡೆದುಕೊಂಡಳು. "ಯೋ ಕಟ್ಟೆ," ಅಂದಳು ಮೊರ ಕೆಳಗಿಟ್ಟು, "ನಂಗೇನ್ ಇನ್ನೂರು ವರ್ಸವಾ?"