ಟ್ಯಾಂಕಿನ ಮುಚ್ಚಳಕ್ಕೆ ಮೆತ್ತಿದ ಸೋಪು

"ಹಳೇ ಗಾಡಿಗೆ ಬರೋ ಕಾಯಿಲೆ ಮೂರೇ ಕಣಪ್ಪ. ಒಂದೋ ಮೈ ಕಾಯುತ್ತೆ, ಇಲ್ಲಾ ಕರೆಂಟು ಹತ್ತಲ್ಲ, ಇಲ್ಲಾ ಪೆಟ್ರೋಲು ಇಳಿಯಲ್ಲ. ಮಿಕ್ಕಿದ್ದೆಲ್ಲಾ ಇವುಗಳ ಮಕ್ಕಳು ಮೊಮ್ಮಕ್ಕಳು. ಗಾಡಿ ಬಂದ ತಕ್ಷಣ ಸ್ಪಾನರ್ ಹಿಡೀಬಾರ್ದು. ಮೊದಲು ತಂದವರ ಮಾತು ಕೇಳ್ಬೇಕು. ಯಾವಾಗಿಂದ ಹೀಗೆ, ಏರಿನಲ್ಲೋ ಇಳಿಜಾರಿನಲ್ಲೋ, ತಣ್ಣಗಿದ್ದಾಗಲೋ ಕಾದ ಮೇಲೋ. ಅವರು ಹೇಳ್ತಾ ಹೇಳ್ತಾನೇ ಅರ್ಧ ರಿಪೇರಿ ಆಗಿರುತ್ತೆ. ಆಮೇಲೆ ಗಾಡಿ ಮಾತು ಕೇಳ್ಬೇಕು. ಮೈ ಕಾಯ್ತಿದ್ರೆ ಎಂಜಿನ್ ರೆಕ್ಕೆ ಸಂದಿಯಲ್ಲಿ ಮಣ್ಣು ಕೂತಿದ್ಯಾ ನೋಡು, ಆಯಿಲ್ ಎಷ್ಟಿದೆ ನೋಡು. ಹಾರ್ನು ನೆಗಡಿ ಬಂದೋರ ಥರ ಕೂಗಿದ್ರೆ ಹೊಸ ಬ್ಯಾಟರಿ ತರೋಕೆ ಓಡ್ಬೇಡ, ವೈರು ಬಿಗಿಯಾಗಿದ್ಯಾ ಅಂತ ಅಲ್ಲಾಡಿಸಿ ನೋಡು. ಸ್ವಲ್ಪ ಹೊತ್ತು ಓಡಿ ನಿಂತುಬಿಟ್ರೆ ಟ್ಯಾಂಕಿನ ಮುಚ್ಚಳ ತೆಗಿ. ಉಸ್ ಅಂತಾ? ಹಾಗಾದ್ರೆ ಮುಚ್ಚಳದ ತೂತು ಕಟ್ಟಿದೆ. ಗಾಳಿ ಒಳಗೆ ಹೋಗದೆ ಪೆಟ್ರೋಲು ಕೆಳಗೆ ಇಳಿಯಲ್ಲ. ಅದಕ್ಕೂ ಉಸಿರು ಬೇಕಲ್ವಾ? ಎಲ್ಲಕ್ಕಿಂತ ಮುಖ್ಯ, ಒಂದು ಸಲಕ್ಕೆ ಒಂದೇ ಕಡೆ ಕೈ ಹಾಕು. ಎರಡು ಕಡೆ ಹಾಕಿದ್ರೆ ಯಾವುದ್ರಿಂದ ಸರಿಹೋಯ್ತು, ಯಾವುದ್ರಿಂದ ಕೆಟ್ಟೋಯ್ತು ಅನ್ನೋದು ನಿಂಗೂ ಗೊತ್ತಾಗಲ್ಲ, ಗಾಡಿಗೂ ಗೊತ್ತಾಗಲ್ಲ."

ತಮ್ಮ ಬೈಕ್ ಗ್ಯಾರೇಜಿಗೆ ಬಂದವರಿಗೆಲ್ಲ ಮೆಕ್ಯಾನಿಕ್ ಈ ಮಾತನ್ನು ಹೇಳುತ್ತಿದ್ದರು. ಕೇಳಿದವರಿಗೂ ಸೈ, ಕೇಳದವರಿಗೂ ಸೈ. ಒಂದೊಂದೇ ನೋಡುತ್ತ, ನೋಡಿದ್ದನ್ನು ಓಡಿಸಿ ಕೇಳುತ್ತ ಕೂರುವ ಅವರನ್ನು ಜನ ನಿಧಾನಪ್ಪ ಎಂದೇ ಕರೆದರು. "ನಿಧಾನಪ್ಪನ ಹತ್ರ ಗಾಡಿ ಬಿಟ್ಟು ಮನೆಗೆ ಹೋಗ್ಬೇಡಿ, ಸಂಸಾರ ಸಮೇತ ಇಲ್ಲೇ ಬಂದ್ಬಿಡಿ" ಎಂದು ಎದುರಿನ ಪಂಕ್ಚರ್ ಅಂಗಡಿಯವನು ರೇಗಿಸುತ್ತಿದ್ದ. ನಿಧಾನಪ್ಪ ತಲೆ ಎತ್ತದೆ, "ನೀನು ಗಾಳಿ ತುಂಬೋನು, ನಿನ್ನ ಮಾತಲ್ಲೂ ಅದೇ ಇರೋದು" ಎನ್ನುತ್ತಿದ್ದರು.

ಗ್ಯಾರೇಜು ಎಂದರೆ ಮನೆಗೆ ಒತ್ತಿಕೊಂಡಿದ್ದ ತಗಡಿನ ಚಪ್ಪರ. ಅಡುಗೆಮನೆಯ ಹೊಸಿಲು ದಾಟಿದರೆ ಚಪ್ಪರದ ನೆಲ. ಹೆಂಡತಿ ಆ ಹೊಸಿಲ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತ, ಹರಿದ ಅಂಗಿಗೆ ಗುಂಡಿ ಹೊಲಿಯುತ್ತ, ಅವರು ಹೇಳಿದ್ದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಸ್ಪಾನರ್ ಹಿಡಿದವಳಲ್ಲ. ಆದರೆ ಪಕ್ಕದ ಮನೆಯ ನಲ್ಲಿ ತೊಟ್ಟಿಕ್ಕಿದರೂ ಕೇಳಿಸುವ ಕಿವಿ ಅವಳದು. ಅದಕ್ಕೇ ಅವರು ಅವಳಿಗೆ ಇಟ್ಟ ಹೆಸರು ಕಿವುಡಿ. "ಏ ಕಿವುಡಿ, ಇದು ಏನಂತಿದೆ ಸ್ವಲ್ಪ ಕೇಳೇ" ಎಂದು ಎಂಜಿನ್ ಚಾಲೂ ಮಾಡಿ ಕೂಗುವರು. ಅವಳು ಒಳಗಿನಿಂದಲೇ, "ಎಡಗಡೆ ಏನೋ ಹಲ್ಲು ಕಡೀತಿದೆ" ಎನ್ನುವಳು. ಅಲ್ಲೇ ಇರುತ್ತಿತ್ತು. ಮದುವೆಯಾದ ದಿನದಿಂದ ಅವರು ಅವಳನ್ನು ಬೇರೆ ಹೆಸರಿನಿಂದ ಕರೆದದ್ದೇ ಇಲ್ಲ.

ಅವರ ಸ್ವಂತ ಗಾಡಿಯೂ ಹಳೆಯದೇ. ಕೊಳ್ಳುವಾಗಲೇ ಅದು ಇನ್ನೊಬ್ಬರ ಕೈ ದಾಟಿ ಬಂದಿತ್ತು. ಮಗಳನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟದ್ದು ಅದರಲ್ಲೇ, ಅದೇ ಮಗಳಿಗೆ ಹೆರಿಗೆಯಾದಾಗ ನೋಡಲು ಆಸ್ಪತ್ರೆಗೆ ಹೋದದ್ದೂ ಅದರಲ್ಲೇ.

ಮರೆವು ಶುರುವಾದಾಗ ಮೊದಮೊದಲು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಊರೆಲ್ಲ ಹುಡುಕುವುದು ಯಾರಿಗಿಲ್ಲ? ಆದರೆ ಒಂದು ದಿನ ಅವರು ಆಯಿಲ್ ಬದಲಾಯಿಸಿ, ಕೆಳಗಿನ ಬೋಲ್ಟನ್ನು ಬಿಗಿಮಾಡದೆ ಗಾಡಿ ಕೊಟ್ಟು ಕಳಿಸಿದರು. ಗಿರಾಕಿ ಬೀದಿಯ ತಿರುವು ದಾಟುವಷ್ಟರಲ್ಲಿ ಆಯಿಲ್ಲೆಲ್ಲ ಸೋರಿ ಎಂಜಿನ್ ಬಿಗಿದುಕೊಂಡಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ವೈದ್ಯರು, ಇದು ಹತ್ತಿಕೊಂಡರೆ ಬಿಡುವ ಕಾಯಿಲೆಯಲ್ಲ, ಇರುವಷ್ಟು ದಿನ ಸಮಾಧಾನವಾಗಿ ನೋಡಿಕೊಳ್ಳಿ ಎಂದರು. ಮಗಳು ಚಪ್ಪರದ ಬಾಗಿಲಿಗೆ ಬೀಗ ಹಾಕಿದಳು, ಅಪ್ಪನ ಗಾಡಿಯನ್ನು ಅಂಗಳಕ್ಕೆ ತಂದು ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದಳು.

ನಿಧಾನಪ್ಪ ಕುರ್ಚಿಯಲ್ಲಿ ಕೂತರು. ಕೂತವರು ಗೋಡೆ ನೋಡಿದರು. ಕೈಗಳು ತೊಡೆಯ ಮೇಲೆ ಯಾರೋ ಮರೆತುಹೋದ ಸಾಮಾನಿನಂತೆ ಬಿದ್ದಿರುತ್ತಿದ್ದವು. ಊಟಕ್ಕೆ ಕರೆದರೆ, "ಆಯ್ತಮ್ಮ" ಎಂದು ಎದ್ದು ಬರುವರು. ಹೆಂಡತಿಯನ್ನು 'ಕಿವುಡಿ' ಎನ್ನುತ್ತಿದ್ದ ಬಾಯಲ್ಲಿ ಈಗ 'ಅಮ್ಮ'.

ಒಂದು ಬೆಳಿಗ್ಗೆ ಮಗಳು ಬಂದಿದ್ದಾಗ, ನಿಂತು ನಿಂತು ತುಕ್ಕು ಹಿಡಿಯದಿರಲಿ ಎಂದು ಗಾಡಿಗೆ ಕಿಕ್ ಹೊಡೆದಳು. ಒಂದೆರಡು ಗುಟುಕು ಹಾಕಿ ನಿಂತುಹೋಯಿತು. ಮತ್ತೆ ಹೊಡೆದಳು, ಉಸಿರೇ ಇಲ್ಲ. ಕುರ್ಚಿಯಲ್ಲಿದ್ದವರ ತಲೆ ಈ ಕಡೆ ತಿರುಗಿತು. ಎದ್ದರು. ಗಾಡಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಕಣ್ಣು ಎಲ್ಲೋ ಇದ್ದಂತೆಯೇ ಕೈಯನ್ನು ಟ್ಯಾಂಕಿನ ಕೆಳಗೆ ಹಾಯಿಸಿದರು. ಟ್ಯಾಂಕಿನಿಂದ ಪೆಟ್ರೋಲು ಬಿಡುವ ನಲ್ಲಿಯನ್ನು ಹಿಂದಿನ ಸಲ ಮಗಳು ಮುಚ್ಚಿದ್ದು ಹಾಗೇ ಇತ್ತು. ಅದನ್ನು ತಿರುಗಿಸಿ, ಸ್ವಲ್ಪ ತಡೆದು, ಕಿಕ್ ಹೊಡೆದರು. ಗಾಡಿ ಗುಡುಗಿತು.

"ಏ ಕಿವುಡಿ, ಕೇಳಿಸ್ತಾ?" ಎಂದರು ನಿಧಾನಪ್ಪ.

ಹೆಂಡತಿ ಕೈಯಲ್ಲಿದ್ದ ಪಾತ್ರೆಯನ್ನು ಎಲ್ಲಿಟ್ಟಳೋ ಅವಳಿಗೇ ತಿಳಿಯದು. ಅವರು ಅವತ್ತು ಇನ್ನೊಂದು ತುತ್ತು ಕೇಳಿ ಹಾಕಿಸಿಕೊಂಡರು, ಮಗಳನ್ನು ಗುರುತು ಹಿಡಿದು ರೇಗಿಸಿದರು. ಸಂಜೆಯ ಹೊತ್ತಿಗೆ ಮತ್ತೆ ಗೋಡೆ ಬಂತು, ಆ ಮಾತು ಬೇರೆ.

ಮಾರನೆಯ ದಿನ ಬೆಳಕು ಹರಿಯುತ್ತಲೇ ಅವಳು ಎದ್ದು, ಅಂಗಳಕ್ಕೆ ಹೋಗಿ, ಪೆಟ್ರೋಲ್ ನಲ್ಲಿಯನ್ನು ತಾನೇ ಮುಚ್ಚಿದಳು.

ಅಲ್ಲಿಂದ ಅದು ಅವಳ ದಿನಚರಿಯಾಯಿತು. ಇಷ್ಟು ವರ್ಷ ಹೊಸಿಲ ಮೇಲೆ ಕೂತು ಕೇಳಿಸಿಕೊಂಡದ್ದನ್ನೆಲ್ಲ ತಿರುಗಾಮುರುಗಾ ಮಾಡಿದಳು. ಅವರು ಸರಿಮಾಡಲು ಹೇಳಿಕೊಟ್ಟದ್ದನ್ನು ಇವಳು ಕೆಡಿಸಲು ಕಲಿತಳು. ಒಂದು ದಿನ ಹೂಕುಂಡದ ಮಣ್ಣು ಕಲಸಿ ಎಂಜಿನ್ನಿನ ರೆಕ್ಕೆ ಸಂದಿಗಳಿಗೆ ಮೆತ್ತುವಳು. ಅವರು ಹಳೇ ಹಲ್ಲುಜ್ಜುವ ಬ್ರಶ್ ಹಿಡಿದು ಸಂದಿ ಸಂದಿ ಬಿಡಿಸುತ್ತ, "ಮೈಗೆ ಗಾಳಿ ತಾಗದೆ ಹೇಗೆ ತಣ್ಣಗಾಗುತ್ತೆ, ಪಾಪ" ಎನ್ನುವರು. ಇನ್ನೊಂದು ದಿನ ಬ್ಯಾಟರಿಯ ವೈರು ಸಡಿಲಿಸುವಳು. ಹಾರ್ನು ಮೂಗಿನಲ್ಲಿ ಕೂಗುವುದು, ಅವರು ನಗುವರು. ಮಗದೊಂದು ದಿನ ಬಟ್ಟೆ ಸೋಪಿನ ಚೂರನ್ನು ಬೆರಳಲ್ಲಿ ಹೊಸಕಿ ಟ್ಯಾಂಕಿನ ಮುಚ್ಚಳದ ತೂತಿಗೆ ಒತ್ತುವಳು. ಅದು ಅವರಿಗೆ ಬಲು ಇಷ್ಟದ ರೋಗ. ಮುಚ್ಚಳ ತೆಗೆದಾಗ ಉಸ್ ಎಂದರೆ, "ನೋಡ್ದ್ಯಾ, ನಿಟ್ಟುಸಿರು ಬಿಡ್ತು" ಎಂದು ಅವಳ ಕಡೆ ತಿರುಗುವರು. ಕೆಲಸ ಮುಗಿದ ಮೇಲೆ ಅವಳು ಸೋಪಿನ ಪುಡಿ ಕೊಟ್ಟು, ಚೊಂಬಿನಿಂದ ನೀರು ಹಾಕಿ ಅವರ ಕೈ ತೊಳೆಸುವಳು. ಗ್ಯಾರೇಜು ನಡೆಯುತ್ತಿದ್ದ ದಿನಗಳಿಂದಲೂ ಅದು ಅವಳದೇ ಕೆಲಸ.

ಪಂಕ್ಚರ್ ಅಂಗಡಿಯವನ ಕಣ್ಣಿಗೆ ಬೀಳದ್ದು ಯಾವುದಿದೆ? ಒಂದು ಬೆಳಿಗ್ಗೆ ಕಾಂಪೌಂಡಿನ ಮೇಲಿಂದ ಇಣುಕಿ, "ಏನಕ್ಕ, ಈ ವಯಸ್ಸಲ್ಲಿ ಗಾಡಿ ಬಿಚ್ಚೋ ಕಸುಬು ಹಿಡಿದ್ಯಲ್ಲ" ಎಂದ.

"ಸುಮ್ನಿರಪ್ಪ, ಅವರಿಗೆ ಕೇಳಿಸುತ್ತೆ."

"ನಾನೂ ರಾತ್ರಿ ರಸ್ತೆಗೆ ಮೊಳೆ ಹಾಕ್ತೀನಿ ಅಂತ ಜನ ಆಡ್ಕೋತಾರೆ. ನೀನು ನನಗಿಂತ ಮುಂದೆ ಹೋದೆ ಬಿಡು." ನಕ್ಕವನು ಹಾಗೇ ನಿಂತ. "ಅಣ್ಣ ಕಂಡುಹಿಡೀತಾರಾ?"

"ಹಿಡೀತಾರೆ. ಹಿಡಿದ ದಿನ ನನ್ನೂ ಕಂಡುಹಿಡೀತಾರೆ."

ಅವನು ಮತ್ತೆ ನಗಲಿಲ್ಲ. ಗಾಡಿಗೆ ಪೆಟ್ರೋಲು ಬೇಕಾದರೆ ಹೇಳು ಎಂದು ಹೋದ.

ಮಗಳಿಗೆ ತಿಳಿದಾಗ ಮಾತ್ರ ಸಿಟ್ಟು ಬಂತು. "ಅಮ್ಮ, ಇವತ್ತು ಕಂಡುಹಿಡಿದರು ಸರಿ. ಹಿಡಿಯದ ದಿನ ಏನು ಮಾಡ್ತೀಯ? ಕೆಟ್ಟಿರೋದು ಗಾಡಿಯಲ್ಲ. ಗುಜರಿಗೆ ಕೊಟ್ಟುಬಿಡೋಣ."

"ಅದಿರೋವರೆಗೆ ನಾನು ಕಿವುಡಿ ಕಣೇ. ಅದು ಹೋದ್ರೆ ನಾನು ಯಾರು?" ಎಂದಳು ತಾಯಿ. ಮಗಳು ಮುಖ ತಿರುಗಿಸಿ ಪಾತ್ರೆ ಉಜ್ಜಲು ಕೂತಳು.

ಆದರೆ ಬೆಳಗುಗಳು ಗಿಡ್ಡವಾಗುತ್ತ ಬಂದವು. ಮೊದಲು ಮಧ್ಯಾಹ್ನದವರೆಗೆ ಎಳೆಯುತ್ತಿದ್ದ ಎಚ್ಚರ ಈಗ ಕೈ ತೊಳೆಯುವಷ್ಟರಲ್ಲೇ ಆರಿಹೋಗುತ್ತಿತ್ತು. ನಲ್ಲಿ ಮುಚ್ಚಿದ್ದರೆ ತೆರೆಯುವರು, ಗಾಡಿ ಗುಡುಗುವುದು, "ಕಿವುಡಿ" ಎನ್ನುವರು, ಅಷ್ಟೇ. ಆಸೆಗೆ ಕೊನೆಯೆಲ್ಲಿದೆ? ಈ ಹೊತ್ತು ಇನ್ನೊಂದಿಷ್ಟು ಉದ್ದವಾಗಲಿ ಎಂದು ಅವಳಿಗೆ ಅನಿಸಿತು. ಅವರು ಊರಿಗೆಲ್ಲ ಮಾಡಬೇಡಿ ಎಂದು ಹೇಳಿದ ತಪ್ಪನ್ನೇ ಅವಳು ಮಾಡಿದಳು. ಒಂದು ಬೆಳಿಗ್ಗೆ ಪೆಟ್ರೋಲ್ ನಲ್ಲಿಯನ್ನೂ ಮುಚ್ಚಿದಳು, ಮುಚ್ಚಳದ ತೂತಿಗೆ ಸೋಪನ್ನೂ ಮೆತ್ತಿದಳು.

ನಿಧಾನಪ್ಪ ನಲ್ಲಿ ತೆರೆದರು. ಗಾಡಿ ಚಾಲೂ ಆಯಿತು. "ಕಿವು..." ಎಂದು ಬಾಯಿ ತೆರೆದದ್ದೇ ಸೈ, ಎಂಜಿನ್ ಕೆಮ್ಮಿ ಕೆಮ್ಮಿ ನಿಂತಿತು. ಅವರು ನಲ್ಲಿ ನೋಡಿದರು, ತೆರೆದೇ ಇದೆ. ಮುಚ್ಚಿ ತೆರೆದರು. ಕಿಕ್ ಹೊಡೆದರು. ಮತ್ತೆ ಹೊಡೆದರು. ಬೆವರು ಇಳಿಯಿತು. ಕೈ ಟ್ಯಾಂಕಿನ ಮೇಲೆಲ್ಲ ಓಡಾಡಿತೇ ಹೊರತು ಮುಚ್ಚಳದ ಹತ್ತಿರ ಹೋಗಲಿಲ್ಲ.

"ಮುಚ್ಚಳ ನೋಡ್ರೀ" ಎಂದಳು ಅವಳು ಮೆಲ್ಲಗೆ.

ಅವರು ಕೇಳಿಸಿಕೊಳ್ಳಲಿಲ್ಲ. ತುಂಬ ಹೊತ್ತು ಗಾಡಿಯನ್ನೇ ನೋಡಿ, "ಒಂದೇ ದಿನ ಎರಡು ರೋಗ ತಾನಾಗಿ ಬರಲ್ಲ" ಎಂದರು. "ಯಾರೋ ಕೈ ಹಾಕಿದ್ದಾರೆ. ಬೇಕಂತ ಹಾಕಿದ್ದಾರೆ. ಗೊತ್ತಿರೋರೇ."

ಎಲ್ಲ ಮರೆತವರಿಗೆ ಅದೊಂದು ಮರೆಯಲಿಲ್ಲ. ಅವತ್ತಿಡೀ ಕುರ್ಚಿಯನ್ನು ಗಾಡಿಯ ಪಕ್ಕಕ್ಕೆ ಎಳೆದುಕೊಂಡು ಕಾವಲು ಕೂತರು. ಊಟವನ್ನೂ ಅಲ್ಲೇ ಮಾಡಿದರು, ತಟ್ಟೆ ಕೊಟ್ಟವಳನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಸೋಪು ತೆಗೆಯಲು ಅವಳಿಗೆ ಎಡೆಯೇ ಸಿಗಲಿಲ್ಲ. ಅದನ್ನು ತೆಗೆದುಬಿಟ್ಟರೆ ನಾಳೆ ಗಾಡಿ ಒಂದೇ ಕಿಕ್ಕಿಗೆ ಗುಡುಗೀತು, ಅವರ ಅನುಮಾನ ಕರಗೀತು, ತನ್ನನ್ನು ಮತ್ತೆ ಕರೆದಾರು ಎಂದು ಅವಳು ಒಳಗೇ ಲೆಕ್ಕ ಹಾಕಿದಳು.

ಮರುದಿನ ಬೆಳಗಾಗುತ್ತಿದ್ದಂತೆ ಅವಳು ಅಂಗಳಕ್ಕೆ ಬಂದಳು. ಮುಚ್ಚಳ ತಿರುಗಿಸಿ, ತಲೆಗೆ ಹಾಕುವ ಪಿನ್ನಿನಿಂದ ಸೋಪು ಕೆದಕುತ್ತಿದ್ದಾಗ ಹಿಂದಿನಿಂದ ಒಂದು ಕೈ ಬಂದು ಮಣಿಕಟ್ಟು ಹಿಡಿಯಿತು.

"ಯಾರಮ್ಮ ನೀನು?"

ಅವಳು ತಿರುಗಿದಳು. ಬೆಳಕು ನೇರ ಅವಳ ಮುಖದ ಮೇಲೇ ಇತ್ತು. ಅವರು ನೋಡಿದರು, ಚೆನ್ನಾಗಿಯೇ ನೋಡಿದರು. ಆ ಕಣ್ಣಿನಲ್ಲಿ ಸಿಟ್ಟಿತ್ತು, ಆಮೇಲೆ ಅದೂ ಇಳಿದು ಕನಿಕರ ಬಂತು. ಅವಳ ಪರಿಚಯ ಮಾತ್ರ ಇರಲಿಲ್ಲ.

"ವಯಸ್ಸಾದೋಳು. ಈ ಕೆಲಸ ಯಾಕಮ್ಮ ನಿನಗೆ?" ಕೈ ಸಡಿಲವಾಯಿತು. "ನಮ್ಮನೆಯವಳು ಒಳಗಿದ್ದಾಳೆ. ಅವಳ ಕಿವಿ ನಿನಗೆ ಗೊತ್ತಿಲ್ಲ, ಇಲಿ ನಡೆದರೂ ಕೇಳಿಸುತ್ತೆ. ಎದ್ದು ಬಂದರೆ ರಂಪ ಮಾಡ್ತಾಳೆ. ಅಷ್ಟರೊಳಗೆ ಹೋಗಿಬಿಡು. ನಾನು ಯಾರಿಗೂ ಹೇಳಲ್ಲ."

ನಾನೇ ಕಣ್ರೀ ಅವಳು, ಎನ್ನಬಹುದಿತ್ತು. ಎಂದರೆ ಈ ಕಳ್ಳಿ ತನ್ನ ಹೆಂಡತಿಯ ಹೆಸರನ್ನೂ ಕದಿಯುತ್ತಿದ್ದಾಳೆ ಎಂದು ಅವರು ಹೆದರುತ್ತಿದ್ದರು.

"ಆಯ್ತಣ್ಣ" ಎಂದಳು. "ತಪ್ಪಾಯ್ತು."

ಕಟ್ಟಿಕೊಂಡ ಗಂಡನನ್ನು ಅಣ್ಣ ಎಂದು ಕರೆದು ಅವಳು ಗೇಟು ದಾಟಿದಳು. ಪಂಕ್ಚರ್ ಅಂಗಡಿಯ ಪಕ್ಕದ ಓಣಿಯಲ್ಲಿ ಸುತ್ತಿ, ಹಿತ್ತಿಲ ಬಾಗಿಲಿನಿಂದ ಅಡುಗೆಮನೆಗೆ ಬಂದು, ಒಲೆಯ ಕಟ್ಟೆ ಹಿಡಿದು ನಿಂತಳು. ಕೂದಲು ಸರಿಮಾಡಿಕೊಂಡಳು, ಸೆರಗು ಹೊದ್ದಳು. ಒಳಗಿನಿಂದ ಬಂದರೆ ಗುರುತು ಸಿಕ್ಕೀತು. ಒಳಗಿರುವವಳು ಹೆಂಡತಿ ಎಂದು ಅವರೇ ಹೇಳಿದ್ದಾರಲ್ಲ. ಮುಂಬಾಗಿಲ ಹೊಸಿಲ ಮೇಲೆ ನಿಂತು, "ಏನ್ರೀ, ಗಾಡಿ ಏನಂತಿದೆ?" ಎಂದು ಕೇಳಿದಳು.

ಅವರು ಕುರ್ಚಿಯಿಂದ ಅರ್ಧ ಎದ್ದರು, ಮರ್ಯಾದೆಗೆ. "ಬನ್ನಿ ಬನ್ನಿ. ಗಾಡಿ ತಂದ್ರಾ? ಕೂತ್ಕೊಳ್ಳಿ. ಏನು ತೊಂದರೆ, ಮೊದಲಿಂದ ಹೇಳಿ. ಅವಸರ ಏನಿಲ್ಲ."

ಅವಳು ಅಲ್ಲೇ ಹೊಸಿಲ ಮೇಲೆ ಕೂತಳು. ಕಣ್ಣೀರು ತಾನಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲು ಹೋಗಲಿಲ್ಲ.

"ಚೆನ್ನಾಗೇ ಓಡ್ತಿತ್ತು ಮೇಸ್ತ್ರಿ" ಎಂದಳು. "ಈಗ ಸ್ವಲ್ಪ ದೂರ ಬಂದು ನಿಂತುಬಿಡುತ್ತೆ."

"ನಿಂತಿದ್ದು ಮತ್ತೆ ಚಾಲೂ ಆಗುತ್ತಾ?"

"ಮೊದಲು ಆಗ್ತಿತ್ತು. ಬರ್ತಾ ಬರ್ತಾ ಇಲ್ಲ."

"ಹೂಂ" ಎಂದರು ಅವರು, ಕುತ್ತಿಗೆ ಓರೆಮಾಡಿ ಕೇಳುತ್ತ. ಎಷ್ಟು ಚೆನ್ನಾಗಿ ಕೇಳುತ್ತಿದ್ದರು. "ಅಳಬೇಡಿ. ಹಳೇ ಗಾಡಿ, ಹಾಗೇನೇ. ನೋಡೋಣ."

ಆಮೇಲೆ ಅವಳು ಗಾಡಿಯನ್ನು ಕೆಡಿಸಲು ಹೋಗಲಿಲ್ಲ. ಗುಜರಿಗೆ ಕೊಡೋಣವೇ ಎಂದು ಮಗಳೂ ಮತ್ತೆ ಕೇಳಲಿಲ್ಲ. ದಿನಾ ಬೆಳಿಗ್ಗೆ ಅವಳು ಗಿರಾಕಿಯ ಹಾಗೆ ಬಂದು ಕೂತು ಒಂದು ದೂರು ಹೇಳುತ್ತಾಳೆ. ಒಂದು ದಿನ ಮೈ ಕಾಯುತ್ತದೆ, ಒಂದು ದಿನ ದೀಪ ಮಂಕು. ಅವರು ಕೇಳುತ್ತಾರೆ, ಗಾಡಿಯನ್ನು ಒಂದೆರಡು ಕಡೆ ಮುಟ್ಟಿ ನೋಡುತ್ತಾರೆ, ಏನು ನೋಡಲು ಬಂದೆನೆಂಬುದನ್ನು ಮರೆತು ಕುಳಿತುಬಿಡುತ್ತಾರೆ.

ಅಷ್ಟೊತ್ತಿಗೆ ಅವಳು ಚೊಂಬು, ಸೋಪಿನ ಪುಡಿ ತರುತ್ತಾಳೆ.

"ನಿಮಗ್ಯಾಕಮ್ಮ ತೊಂದರೆ" ಎನ್ನುತ್ತಾರೆ. "ನಮ್ಮನೆಯವಳು ಬಂದು ಹಾಕ್ತಾಳೆ."

"ಬರ್ತಾರೆ ಬಿಡಿ. ಅಲ್ಲಿವರೆಗೆ ನಾನು ಹಾಕ್ತೀನಿ."

ಅವರು ಕೈ ಚಾಚುತ್ತಾರೆ. ಅಂಗೈಯಲ್ಲಿ ಈಗ ಮಸಿಯಿಲ್ಲ, ಎಣ್ಣೆಯಿಲ್ಲ. ಆದರೂ ಅವಳು ಪುಡಿ ಉದುರಿಸಿ, ಬೆರಳು ಬೆರಳು ಬಿಡಿಸಿ, ಉಗುರಿನ ಸಂದಿ ಉಜ್ಜಿ, ನೀರು ಹಾಕುತ್ತಾಳೆ. ಟವೆಲಿನಿಂದ ಒರೆಸಿ, ಟವೆಲನ್ನು ಹಿಂಡಿ ತಂತಿಯ ಮೇಲೆ ಹರವುತ್ತಾಳೆ. ಚೊಂಬಿನಲ್ಲಿ ಉಳಿದ ನೀರನ್ನು ಹೂಕುಂಡಕ್ಕೆ ಸುರಿದು, ಬೆಳ್ಳುಳ್ಳಿ ಸುಲಿಯಲು ಒಳಗೆ ಹೋಗುತ್ತಾಳೆ.